ದುರ್ಗ ಹತ್ತಿದ್ದು ಸರಿ, ಇಳಿದದ್ದು ಕೇಳಿ

ಶುಕ್ರವಾರ

ಬೆಟ್ಟದ ಓಟಕ್ಕೆ ಅಂತ ನಾನು ಹೊರಟದ್ದು ತುಮಕೂರು ಪಕ್ಕದ ದೇವರಾಯನದುರ್ಗಕ್ಕೆ. ಅದರ ನೆತ್ತಿ ಸಮುದ್ರಮಟ್ಟದಿಂದ 1,204 ಮೀಟರ್. ಕೇಳಿ ಹೆದರಬೇಕಾದ್ದೇನಿಲ್ಲ, ತುಮಕೂರೇ 820 ಮೀಟರಿನ ಆಸುಪಾಸಿನಲ್ಲಿದೆ. ಹತ್ತೋದಕ್ಕೆ ಉಳಿಯೋದು 400 ಮೀಟರಿಗೂ ಕಡಿಮೆ. ಸ್ಕಾಟ್ಲೆಂಡಿನ ಬೆನ್ ನೆವಿಸ್ ನಮ್ಮ ದುರ್ಗಕ್ಕಿಂತ ಬರೀ 141 ಮೀಟರ್ ಎತ್ತರ. ಆದರೆ ಅಲ್ಲಿಯ ಓಟ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಶುರುವಾಗುತ್ತೆ, ಅಷ್ಟೂ ಎತ್ತರವನ್ನು ಕಾಲೇ ಹತ್ತಬೇಕು. 1895ರಲ್ಲಿ ವಿಲಿಯಂ ಸ್ವಾನ್ ಅನ್ನೋ ಅಲ್ಲಿಯ ಕ್ಷೌರಿಕ ಕೆಳಗಿನ ಪೇಟೆಯಿಂದ ಹೊರಟು ಆ ಬೆಟ್ಟ ಹತ್ತಿ ಇಳಿದು 2 ಗಂಟೆ 41 ನಿಮಿಷಕ್ಕೆ ವಾಪಸ್ ಬಂದಿದ್ದ. ಬೆಟ್ಟದ ಓಟದ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಮನುಷ್ಯ ಅವನು. ಅಂಗಡಿ ಇಟ್ಟುಕೊಂಡು ಬದುಕುವವನೂ ಬೆಟ್ಟ ಓಡಬಹುದು ಅನ್ನೋ ಧೈರ್ಯ ಅವನಿಂದ ಸಿಗುತ್ತೆ. ನನ್ನದೂ ಬೆಳಗಿಂದ ಸಂಜೆವರೆಗೆ ಕುರ್ಚಿಯಲ್ಲಿ ಕೂರುವ ಕೆಲಸವೇ.

ನಮ್ಮ ಓಟ ಭಾನುವಾರ. ದೂರ 21 ಕಿ.ಮೀ. ಕಾಡಂಚಿನ ಹಳ್ಳಿಯೊಂದರ ಶಾಲೆ ಮೈದಾನದಲ್ಲಿ ಹೊರಟು, ನಾಮದ ಚಿಲುಮೆ ದಾಟಿ, ಭೋಗನರಸಿಂಹಸ್ವಾಮಿ ಇರುವ ಊರು ಹಾದು, ತಿರುವು ರಸ್ತೆ ಹತ್ತಿ, ಯೋಗನರಸಿಂಹಸ್ವಾಮಿಯ ಮೆಟ್ಟಿಲ ಬುಡ ಮುಟ್ಟಿ, ಬಂದ ದಾರಿಯಲ್ಲೇ ವಾಪಸ್. ಮೆಟ್ಟಿಲು ಹತ್ತೋ ಹಾಗಿಲ್ಲ. ಧನುರ್ಮಾಸ, ಭಕ್ತರು ಬೆಳಗಿನ ಜಾವದಿಂದಲೇ ಬರುತ್ತಾರೆ, ಅವರ ಮಧ್ಯೆ ಬೆವರು ಸುರಿಸಿಕೊಂಡು ನುಗ್ಗೋದು ಬೇಡ ಅಂತ ಆಯೋಜಕರು ಮೊದಲೇ ಹೇಳಿದ್ದರು. ಅದು ಸರಿ ಅನ್ನಿಸಿತು.

ನಡುವಿನ ಏರಿಳಿತವೆಲ್ಲ ಸೇರಿ ಒಟ್ಟು ಏರು 500 ಮೀಟರ್ ಅಂತ ನಕ್ಷೆಯಲ್ಲಿತ್ತು. ಇದಕ್ಕೊಂದು ಹಳೇ ಲೆಕ್ಕ ಇದೆ. ನೇಯ್ಸ್‌ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟದ್ದು: ನಡಿಗೆಗೆ ಗಂಟೆಗೆ 3 ಮೈಲಿ, ಜೊತೆಗೆ ಹತ್ತುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ. ನಮ್ಮ ಅಳತೆಗೆ ಇಳಿಸಿದರೆ 100 ಮೀಟರ್ ಏರು ಸಮತಟ್ಟಿನ ಸುಮಾರು 800 ಮೀಟರಿಗೆ ಸಮ. ಅಂದರೆ ಭಾನುವಾರದ 21 ಕಿ.ಮೀ. ಲೆಕ್ಕದಲ್ಲಿ 25. ಈ ಸೂತ್ರ ಇಳಿಜಾರಿನ ಬಗ್ಗೆ ಬಾಯಿ ಬಿಡೋದಿಲ್ಲ. ಹತ್ತೋದಕ್ಕೆ ಇಷ್ಟೊಂದು ಲೆಕ್ಕ ಇಡೋ ನಾವು ಇಳಿಯೋದನ್ನು ಪುಕ್ಕಟೆ ಅಂದುಕೊಳ್ಳುತ್ತೇವೆ. ನನ್ನ ತಕರಾರು ಇರೋದೇ ಅಲ್ಲಿ.

ಪ್ಯಾಸೆಂಜರ್ ರೈಲಲ್ಲಿ ಕ್ಯಾತಸಂದ್ರದಲ್ಲಿ ಇಳಿದೆ. ಅಕ್ಕನ ಮನೆ ಅಲ್ಲೇ. ರಾತ್ರಿ ಊಟಕ್ಕೆ ಮುದ್ದೆ, ಸೊಗಡವರೆ ಸಾರು. ಓಟದ ಹಿಂದಿನ ರಾತ್ರಿ ಅವರೆಕಾಳು ತಿಂದರೆ ಬೆಳಿಗ್ಗೆ ಹೊಟ್ಟೆ ನಮ್ಮ ಮಾತು ಕೇಳಲ್ಲ. ಹಾಗಾಗಿ ಶನಿವಾರದ ಪಾಲನ್ನೂ ಶುಕ್ರವಾರವೇ ಉಂಡು ಮುಗಿಸಿದೆ. ಭಾವ ಎಲೆ ಅಡಿಕೆ ಮಡಿಸುತ್ತ, “ಕಾಸು ಕೊಟ್ಟು ಬೆಟ್ಟ ಹತ್ತಕ್ಕೆ ಬೆಂಗ್ಳೂರಿಂದ ಬಂದಿದೀಯಲ್ಲಯ್ಯ, ಹರಕೆ ಗಿರಕೆ ಏನಾರ ಹೊತ್ಕಂಡಿದ್ಯಾ?” ಅಂದರು.

“ನಿಮ್ಮ ಮಗನೂ ಕಟ್ಟಿದಾನೆ ಭಾವ.”

ಭಾವ ಮಗನ ಕಡೆ ತಿರುಗಿದರು. ಅಕ್ಕನ ಮಗ ಡಿಗ್ರಿ ಎರಡನೇ ವರ್ಷ, ಕಾಲೇಜು ತಂಡದಲ್ಲಿ ಐದು ಸಾವಿರ ಮೀಟರ್ ಓಡುತ್ತಾನೆ. ತಟ್ಟೆ ಎತ್ತಿಕೊಂಡು ಸೀದಾ ಒಳಗೆ ಹೋದ.

ಶನಿವಾರ

ಬೆಳಿಗ್ಗೆ ತಟ್ಟೆ ಇಡ್ಲಿ. ಕ್ಯಾತಸಂದ್ರಕ್ಕೆ ಬಂದು ಇದನ್ನು ತಿನ್ನದೆ ಹೋದವರು ಇರಲಿಕ್ಕಿಲ್ಲ. ಮೇಲೊಂದು ಬೆಣ್ಣೆ ಉಂಡೆ, ಪಕ್ಕದಲ್ಲಿ ಚಟ್ನಿ. ಓಟದ ಹಿಂದಿನ ದಿನ ಸ್ನಾಯುಗಳಲ್ಲಿ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ತುಂಬಿಸಿಕೊಳ್ಳಬೇಕು ಅಂತಾರಲ್ಲ, ಅದಕ್ಕೆ ಪಾಸ್ತಾನೇ ಆಗಬೇಕು ಅಂತ ಎಲ್ಲೂ ಇಲ್ಲ. ಅಕ್ಕಿ, ಉದ್ದು, ಬೇಗ ಅರಗುವ ಪಿಷ್ಟ, ಇನ್ನೇನು ಬೇಕು?

ಎದೆಗೆ ಚುಚ್ಚಿಕೊಳ್ಳೋ ನಂಬರು ಚೀಟಿ, ಅದೇ ಬಿಬ್, ಕೊಡುವ ಕಡೆ ಸಾಲು ಸಾಲು ಜನ. ಒಂದೇ ಮೇಜು, ಒಂದೇ ಲ್ಯಾಪ್‌ಟಾಪ್, ಅದೂ ಆಗಾಗ ನಿಂತುಹೋಗುತ್ತಿತ್ತು. ಬಿಸಿಲಲ್ಲಿ ಕಾದು ಕಾದು ಸಾಕಾಗಿ ಕೊನೆಗೆ ಒಂದು ಚೀಟಿ, ನಾಲ್ಕು ಪಿನ್ನು, ಯಾರಿಗೂ ಹಿಡಿಸದ ಅಳತೆಯ ಒಂದು ಟೀ ಶರ್ಟು ಸಿಕ್ಕವು.

ಮಧ್ಯಾಹ್ನ ಅಳಿಯನ ಬೈಕಲ್ಲಿ ದಾರಿ ನೋಡೋಣ ಅಂತ ಹೊರಟೆವು. ಊರು ಮುಗಿಯುತ್ತಿದ್ದ ಹಾಗೆ ಕಾಡು. ಮಲೆನಾಡಿನ ಕಾಡು ನೋಡಿದವರಿಗೆ ಇದು ಕಾಡೇ ಅಲ್ಲ ಅನ್ನಿಸಬಹುದು. ಕುರುಚಲು, ಲಾಂಟಾನ, ಬಂಡೆ, ಮತ್ತೆ ಬಂಡೆ. ಆದರೆ ಹಕ್ಕಿ ನೋಡುವವರು ಎಲ್ಲೆಲ್ಲಿಂದಲೋ ಇಲ್ಲಿಗೇ ಬರುತ್ತಾರೆ. ಕಾರಣ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಇಂಥ ಬಂಡೆಗುಡ್ಡದ ಕುರುಚಲು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ನಮಗೆ ಕಂಡದ್ದು ಮಾಮೂಲಿ ಕೆಮ್ಮೀಸೆ ಪಿಕಳಾರ. ಅಳಿಯನಿಗೆ ಅಷ್ಟೂ ಆಸಕ್ತಿ ಇರಲಿಲ್ಲ, ಅವನ ಕಣ್ಣೆಲ್ಲ ರಸ್ತೆಯ ಏರಿನ ಮೇಲೆ. “ಇಲ್ಲೆಲ್ಲ ಓಡಬೋದು ಮಾವ, ಆರಾಮು,” ಅಂತ ಪ್ರತಿ ದಿಣ್ಣೆಗೂ ಹೇಳುತ್ತಿದ್ದ. ಬೈಕಿನ ಮೇಲೆ ಕೂತವರಿಗೆ ಎಲ್ಲ ದಿಣ್ಣೆಯೂ ಆರಾಮೇ.

ನಾಮದ ಚಿಲುಮೆಯಲ್ಲಿ ನಿಲ್ಲಿಸಿದೆವು. ರಾಮ ಲಂಕೆಗೆ ಹೋಗುವಾಗ ಹಣೆಗೆ ನಾಮ ಇಡಬೇಕಿತ್ತಂತೆ, ಕಲಸಿಕೊಳ್ಳಲು ನೀರಿರಲಿಲ್ಲ, ಬಾಣ ಹೊಡೆದ, ಬಂಡೆ ಸೀಳಿ ನೀರು ಬಂತು. ಕಥೆಯ ಗಾತ್ರಕ್ಕೆ ಹೋಲಿಸಿದರೆ ಚಿಲುಮೆ ಬಲು ಚಿಕ್ಕದು. ಬಂಡೆಯಲ್ಲೊಂದು ಸಣ್ಣ ರಂಧ್ರ, ಅದರೊಳಗೆ ತಣ್ಣಗೆ ನೀರು, ಸುತ್ತ ಕುಂಕುಮ, ಅರಿಸಿನ, ಒಂದೆರಡು ನಾಣ್ಯ.

ಈ ಬೆಟ್ಟದ ನೀರಿನ ಕಥೆ ಅಲ್ಲಿಗೆ ಮುಗಿಯೋದಿಲ್ಲ. ಶಿಂಷೆ ಹುಟ್ಟೋದು ಈ ಬೆಟ್ಟಸಾಲಲ್ಲೇ. ಅದು ದಕ್ಷಿಣಕ್ಕೆ ಇಳಿದು, ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆ ತುಂಬಿ, ಕಾವೇರಿ ಸೇರುತ್ತೆ. ಜಯಮಂಗಲಿ ಹುಟ್ಟೋದೂ ಇಲ್ಲೇ. ಅದು ಉತ್ತರಕ್ಕೆ ಹೋಗಿ ಉತ್ತರ ಪಿನಾಕಿನಿ, ಅಂದರೆ ಪೆನ್ನಾರ್ ಸೇರುತ್ತೆ. ಬೆಟ್ಟದ ಮೇಲೆ ಬಿದ್ದ ಎರಡು ಮಳೆಹನಿಗಳಲ್ಲಿ ಒಂದು ಕಾವೇರಿಗೆ, ಇನ್ನೊಂದು ಪೆನ್ನಾರಿಗೆ. ಓಡುವಾಗ ಇದನ್ನೆಲ್ಲ ಯೋಚಿಸೋಕೆ ಪುರುಸೊತ್ತು ಸಿಗಲ್ಲ, ಅದಕ್ಕೇ ಶನಿವಾರವೇ ಯೋಚಿಸಿ ಮುಗಿಸಿದೆ.

ಕೋಟೆ ಇದ್ದ ದುರ್ಗಕ್ಕೆ ಚಿಕ್ಕದೇವರಾಜ ಒಡೆಯರ್ ಅದನ್ನು ಗೆದ್ದ ಮೇಲೆ ಈ ಹೆಸರು ಬಂತಂತೆ. ಪುರಾಣದಲ್ಲಿ ಇದು ಕರಿಗಿರಿ. ಒಡೆಯರ ಸೈನ್ಯವೂ ಈ ಏರನ್ನು ನಡೆದೇ ಹತ್ತಿರಬೇಕು ಅಂತ ಅಳಿಯನಿಗೆ ಹೇಳಿದೆ. ಅವನು ಫೋನಲ್ಲಿ ಪೇಸ್ ಲೆಕ್ಕ, ಅಂದರೆ ಕಿಲೋಮೀಟರಿಗೆ ಎಷ್ಟು ನಿಮಿಷ ಅಂತ, ಹಾಕುತ್ತಿದ್ದ.

ರಾತ್ರಿ ಅನ್ನ, ತಿಳಿಸಾರು, ಮೊಸರು. ಒಂಬತ್ತಕ್ಕೆ ಮಲಗಿದೆ. ನಿದ್ದೆ ಬರಲಿಲ್ಲ, ಓಟದ ಹಿಂದಿನ ರಾತ್ರಿ ಯಾರಿಗೂ ಬರೋದಿಲ್ಲ.

ಭಾನುವಾರ

ನಾಲ್ಕಕ್ಕೆ ಎದ್ದು ಬಾಳೆಹಣ್ಣು, ಕಾಫಿ. ಐದೂವರೆಗೆ ಮೈದಾನದಲ್ಲಿದ್ದೆವು. ಆರಕ್ಕೆ ಬಿಡಬೇಕಿದ್ದ ಓಟ ಬಿಡಲಿಲ್ಲ. ಮುಂದಿನ ಸಾಲಿನವರು ಗೊಣಗಿದರು. ಫಾರೆಸ್ಟ್ ವಾಚರ್ ಒಬ್ಬರು ಮಂಕಿ ಕ್ಯಾಪ್ ಹಾಕಿಕೊಂಡು, ಕೈಯಲ್ಲೊಂದು ಬಿದಿರು ಕೋಲು ಹಿಡಿದು, ರಸ್ತೆಗೆ ಅಡ್ಡ ನಿಂತಿದ್ದರು. “ಬೆಳಕು ಹರೀಲಿ ಸಾ. ಚಿರತೆ ಐತೆ, ಕರಡೀನೂ ಐತೆ. ಅವು ಮನೆಗೋಗೋ ಟೈಮು ಇದು. ಅವು ಹೋಗ್ಲಿ, ಆಮೇಲೆ ನೀವು ಹೋಗಿ.” ಇದಕ್ಕಿಂತ ಚೆನ್ನಾಗಿ ಯಾವ ಆಯೋಜಕರೂ ವಿವರಿಸಲಾರರು. ಆರೂ ನಲವತ್ತಕ್ಕೆ ಬಂಡೆಗಳ ಅಂಚು ಕಾಣುವಷ್ಟು ಬೆಳಕಾಯಿತು, ಅವರು ಕೋಲು ಎತ್ತಿದರು. ಓಟ ಬಿಟ್ಟದ್ದು ಹಾಗೆ, ಪೀಪಿ ಇಲ್ಲ, ಪಟಾಕಿ ಇಲ್ಲ.

ಡಿಸೆಂಬರ್ ಚಳಿ, ಮಂಜು. ಮೊದಲ ಐದಾರು ಕಿ.ಮೀ. ಸಣ್ಣಪುಟ್ಟ ಏರಿಳಿತ. ಅಳಿಯ ಮೊದಲ ತಿರುವಿನಲ್ಲೇ ಮಾಯ. “ಮಾವ, ನೀವು ನಿಧಾನ ಬನ್ನಿ” ಅಂತ ಹೇಳಿ ಹೋಗಿದ್ದ, ಅದನ್ನು ಅವನು ಹೇಳಬೇಕಿರಲಿಲ್ಲ.

ಭೋಗನರಸಿಂಹನ ಊರಲ್ಲಿ ಗುಡಿಯ ಗಂಟೆ ಕೇಳಿಸಿತು. ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದ ಹೆಂಗಸರು ಚುಕ್ಕಿ ಬಿಟ್ಟು ತಲೆ ಎತ್ತಲಿಲ್ಲ. ಅಲ್ಲಿಂದ ಮುಂದೆ ರಸ್ತೆ ಎದ್ದು ನಿಲ್ಲುತ್ತೆ.

ಬೆಟ್ಟ ಓಡುವವರ ಮೊದಲ ಪಾಠ: ಒಂದು ಹಂತ ದಾಟಿದ ಮೇಲೆ ಓಟಕ್ಕೂ ಬಿರುಸು ನಡಿಗೆಗೂ ವೇಗದಲ್ಲಿ ಹೆಚ್ಚು ವ್ಯತ್ಯಾಸ ಇರೋದಿಲ್ಲ, ಶಕ್ತಿಯ ಖರ್ಚಿನಲ್ಲಿ ಮಾತ್ರ ಇರುತ್ತೆ. ನನ್ನ ಲೆಕ್ಕ ಉಸಿರಿನದು. ಒಂದು ಪೂರ್ತಿ ವಾಕ್ಯ ಹೇಳಲು ಆಗದಿದ್ದರೆ ನಡಿಗೆಗೆ ಬಂದುಬಿಡುತ್ತೇನೆ. ಹೇಳಿಕೊಳ್ಳೋದಕ್ಕೆ ಒಂದು ವಾಕ್ಯವೂ ಇದೆ: “ಅಕ್ಕನ ಮನೇಲಿ ಬಿಸಿನೀರು ಕಾಯ್ತಾ ಇದೆ.” ಎರಡನೇ ತಿರುವಿನಲ್ಲಿ “ಅಕ್ಕನ ಮನೇಲಿ” ಅನ್ನೋ ಹೊತ್ತಿಗೆ ಉಸಿರು ಕಟ್ಟಿತು. ನಡೆದೆ. ಸೊಂಟ ಮುಂದಕ್ಕೆ ಬಾಗಿಸಿ, ಅಂಗೈಯನ್ನು ಮಂಡಿಯ ಮೇಲಿಟ್ಟು ಒತ್ತಿ, ಚಿಕ್ಕ ಚಿಕ್ಕ ಹೆಜ್ಜೆ. ನೋಡಲು ಚೆನ್ನಾಗಿರಲ್ಲ. ಪಕ್ಕದಲ್ಲಿ ಓಡುತ್ತಿದ್ದ, ಅಂದರೆ ಓಡುವ ಭಂಗಿಯಲ್ಲಿದ್ದ, ಒಬ್ಬರು ನಾಲ್ಕು ತಿರುವು ನನ್ನ ಜೊತೆಗೇ ಇದ್ದರು. ಅವರ ಉಸಿರು ನನಗೆ ಕೇಳುತ್ತಿತ್ತು. ಐದನೇ ತಿರುವಿನಲ್ಲಿ ಅವರೂ ಕೈಯನ್ನು ಮಂಡಿಗೆ ತಂದರು.

ಏಳನೇ ಕಿಲೋಮೀಟರಿನ ಬೋರ್ಡು ಇದ್ದದ್ದು ನನ್ನ ವಾಚಿನ ಪ್ರಕಾರ ಎಂಟರ ಹತ್ತಿರ. ನಂಬೋದಾದರೆ ಬೋರ್ಡನ್ನೇ ನಂಬಬೇಕಿತ್ತು. ಏರಿನಲ್ಲಿ ಅಂಥ ಸುದ್ದಿ ಯಾರಿಗೂ ಬೇಡ, ನಾನು ವಾಚನ್ನು ನಂಬಿದೆ.

ಮೇಲಿನ ನೀರಿನ ಸ್ಟಾಲಿನ ಕಥೆ ಹೇಳಲೇಬೇಕು. ಕಾಲೇಜು ಹುಡುಗಿಯರು ನಾಲ್ಕೈದು ಜನ ವಾಲಂಟಿಯರುಗಳು. ಮೇಜಿನ ಮೇಲೆ ಓಆರ್‌ಎಸ್ ಕಲಸಿದ ನೀರು, ಉಪ್ಪು ಹಚ್ಚಿದ ನಿಂಬೆ ಹೋಳು, ಬೆಲ್ಲ, ತಿಪಟೂರು ಸೀಮೆಯ ಕೊಬ್ಬರಿ. ಬಾಳೆಹಣ್ಣು ಯಾಕಿಲ್ಲ ಅಂತ ಕೇಳಿದೆ. ಒಬ್ಬಳು ಬಾಯಿ ಬಿಡದೆ ಮೇಲಕ್ಕೆ ಕೈ ತೋರಿಸಿದಳು. ಬಂಡೆಯ ಮೇಲೆ ಕೋತಿಗಳ ಇಡೀ ಸಂಸಾರ ಕೂತಿತ್ತು, ನಡುವೆ ಒಂದು ಪೂರ್ತಿ ಗೊನೆ. ದೊಡ್ಡದೊಂದು ಕೋತಿ ಸಿಪ್ಪೆ ಸುಲಿದು, ತುದಿಯ ಕಪ್ಪು ಚೂರನ್ನು ಕಿತ್ತು ಬಿಸಾಡಿ, ಆಮೇಲೆ ಹಣ್ಣು ತಿನ್ನುತ್ತಿತ್ತು. “ಆರು ಗಂಟೆಗೇ ಬಂದ್ವು ಅಂಕಲ್. ಆಟೋದಿಂದ ಇಳಿಸೋಕೂ ಬಿಡಲಿಲ್ಲ.” ಹುಡುಗಿಯರ ಕೈಯಲ್ಲಿ ಈಗ ಒಂದು ಉದ್ದ ಗಳ ಇತ್ತು. ಅದರ ಹೆದರಿಕೆ ಕೋತಿಗಿಂತ ನಮಗೇ ಹೆಚ್ಚು.

ಕೊಬ್ಬರಿ ಬೆಲ್ಲ ಕೇಳೋಕೆ ಚೆನ್ನ, ಓಡುವಾಗ ಬೆಲ್ಲ ಮಾತ್ರ ಸಾಕು. ಕೊಬ್ಬರಿಯ ಕೊಬ್ಬು ಅರಗಲು ಬಹಳ ಹೊತ್ತು ಬೇಕು, ಏದುಸಿರಿನಲ್ಲಿ ಅಗಿಯೋದೂ ಕಷ್ಟ. ಇದು ಗೊತ್ತಿದ್ದೂ ಒಂದು ಹೋಳು ಬಾಯಿಗೆ ಹಾಕಿಕೊಂಡೆ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿ ಬೆಳೆದವನು ಎದುರಿಗಿಟ್ಟ ಕೊಬ್ಬರಿಯನ್ನು ಬೇಡ ಅನ್ನೋದು ಹೇಗೆ? ಮುಂದಿನ ಎರಡು ತಿರುವು ಅದನ್ನೇ ಅಗಿಯುತ್ತಿದ್ದೆ.

ಅಷ್ಟರಲ್ಲಿ ಅಳಿಯ ಎದುರಿಗೆ ಇಳಿದು ಬಂದ. ಎರಡೂ ಕೈ ಹರಡಿ, ದೊಡ್ಡ ದೊಡ್ಡ ದಾಪುಗಾಲು ಹಾಕುತ್ತ, ಹಿಮ್ಮಡಿ ಮೊದಲು ಊರಿ ಪಟ್ ಪಟ್ ಅಂತ ಸದ್ದು ಮಾಡುತ್ತ. “ಸೂಪರ್ ಮಾವ!” ಅಂತ ಕೂಗಿದ. ನಾನು ಅವನ ಮುಖ ನೋಡಲಿಲ್ಲ, ಕಾಲು ನೋಡಿದೆ. ಹೆಜ್ಜೆ ಚಿಕ್ಕದು ಮಾಡೋ ಅಂತ ಕೂಗುವಷ್ಟರಲ್ಲಿ ತಿರುವಿನಾಚೆ ಹೋಗಿಬಿಟ್ಟಿದ್ದ.

ಮೆಟ್ಟಿಲ ಬುಡ ಮುಟ್ಟಿದಾಗ 1 ಗಂಟೆ 38 ನಿಮಿಷ. ಮಂಜು ಕೆಳಗೆ ಉಳಿದಿತ್ತು, ನಾವಿದ್ದ ಕಡೆ ಬಿಸಿಲು. ಮೇಲಿಂದ ಭಕ್ತರು ದೊನ್ನೆ ಹಿಡಿದು ಇಳಿಯುತ್ತಿದ್ದರು. ಧನುರ್ಮಾಸದ ಹುಗ್ಗಿ. ತುಪ್ಪ, ಮೆಣಸು, ಹೆಸರುಬೇಳೆಯ ವಾಸನೆ. ವಾಲಂಟಿಯರ್ ಹುಡುಗ ಬಿಬ್‌ನ ಮೇಲೆ ಪೆನ್ನಿನಿಂದ ಗೀಟು ಎಳೆದು “ಹೊರಡಿ ಸರ್” ಅಂದ.

ಇನ್ನು ಇಳಿಜಾರು.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಸಂಕುಚಿಸುತ್ತ ಕೆಲಸ ಮಾಡುತ್ತೆ. ಇಳಿಯುವಾಗ ಅದೇ ಸ್ನಾಯು ಎಳೆದು ಹಿಗ್ಗುತ್ತ ಬ್ರೇಕ್ ಹಿಡಿಯುತ್ತೆ. ಉಸಿರಿಗೆ ಇದು ಸಲೀಸು, ಎದೆ ಬಡಿತ ಇಳಿಯುತ್ತೆ. ಅದಕ್ಕೇ ಸುಖ ಅನ್ನಿಸೋದು. ಆದರೆ ಹಿಗ್ಗುತ್ತ ಹೊರೆ ಹೊರುವ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಹರುಕುಗಳಾಗುತ್ತವೆ. ಅದರ ನೋವು ಅಲ್ಲೇ ಗೊತ್ತಾಗಲ್ಲ, ಮರುದಿನ ಬರುತ್ತೆ, ಎರಡು ಮೂರು ದಿನಕ್ಕೆ ಪೂರ್ತಿ ಆಗುತ್ತೆ. ಇದಕ್ಕೆ ಮಾತ್ರೆ ಇಲ್ಲ. ಇರೋದು ಒಂದೇ ಉಪಾಯ, ಮುಂಚೆಯೇ ಒಂದು ಸಲ ಚೆನ್ನಾಗಿ ಇಳಿದು ನೋಯಿಸಿಕೊಳ್ಳೋದು. ಒಮ್ಮೆ ಹಾಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ಸುಲಭಕ್ಕೆ ನೋಯೋದಿಲ್ಲ. ನವೆಂಬರಿನಲ್ಲಿ ಭಾನುವಾರಗಳಂದು ನಾನು ಶಿವಗಂಗೆಗೆ ಹೋಗುತ್ತಿದ್ದದ್ದು ಅದಕ್ಕೇ. ಹತ್ತೋದು ನೆಪ, ಅಭ್ಯಾಸ ಮಾಡಿದ್ದು ಇಳಿಯೋದನ್ನು.

ಇಳಿಯುವ ರೀತಿ ಇಷ್ಟು: ಹೆಜ್ಜೆ ಚಿಕ್ಕದು, ಬೇಗ ಬೇಗ. ಪಾದ ಮೈಯ ಕೆಳಗೇ ಬೀಳಬೇಕು, ಮುಂದೆ ಚಾಚಿ ಹಿಮ್ಮಡಿ ಊರಬಾರದು. ಹಿಂದಕ್ಕೆ ವಾಲಬಾರದು, ಭಯಕ್ಕೆ ಎಲ್ಲರೂ ವಾಲುವುದು ಹಿಂದಕ್ಕೇ. ಕಣ್ಣು ಪಾದದ ಮೇಲಲ್ಲ, ನಾಲ್ಕು ಹೆಜ್ಜೆ ಮುಂದೆ. ತಿರುವಿನ ಒಳಮೈಯಲ್ಲಿ ಜಲ್ಲಿಪುಡಿ ಸೇರಿರುತ್ತೆ, ಹೊರಗಿಂದ ಬನ್ನಿ. ಬಸ್ಸಿನ ಹಾರನ್ ಕೇಳಿದರೆ ಮರ್ಯಾದೆಯಾಗಿ ಪಕ್ಕಕ್ಕೆ ನಿಲ್ಲಿ.

ಹತ್ತುವಾಗ ನನ್ನನ್ನು ದಾಟಿ ಹೋದವರಲ್ಲಿ ಕೆಲವರು ಒಬ್ಬೊಬ್ಬರಾಗಿ ಸಿಕ್ಕರು. ಒಬ್ಬ ಹುಡುಗ ಮೈಲಿಗಲ್ಲಿನ ಮೇಲೆ ಕೂತಿದ್ದ. ಅವನ ತೊಡೆ ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಅದುರುತ್ತಿತ್ತು, ಕೈಯಿಟ್ಟು ಅದುಮಿದರೂ ನಿಲ್ಲುತ್ತಿರಲಿಲ್ಲ. ನಿಂಬೆ ಹೋಳು ಕೊಟ್ಟೆ. “ಇಳಿಯೋದು ಈಸಿ ಅಂದ್ಕೊಂಡಿದ್ದೆ ಸರ್,” ಅಂದ. ಐದು ನಿಮಿಷ ಅವನ ಜೊತೆ ನಡೆದು, ಆಮೇಲೆ ಬಿಟ್ಟು ಬಂದೆ.

ಚಿಲುಮೆ ದಾಟಿದ ಮೇಲಿನ ಮೂರು ಕಿ.ಮೀ. ಬಗ್ಗೆ ಹೇಳೋಕೆ ಏನೂ ಇಲ್ಲ. ಬಿಸಿಲು, ಡಾಂಬರು, ನಿಂತುಬಿಡೋಣ ಅನ್ನೋ ಆಸೆ.

ಮೈದಾನ ಮುಟ್ಟಿದಾಗ ವಾಚಿನಲ್ಲಿ 2 ಗಂಟೆ 49 ನಿಮಿಷ. ಅಳಿಯ 2 ಗಂಟೆ 14 ನಿಮಿಷಕ್ಕೇ ಮುಗಿಸಿ, ಎರಡು ಸಲ ಉಪ್ಪಿಟ್ಟು ತಿಂದು, ಹೊಂಗೆ ಮರದ ಕೆಳಗೆ ಮೆಡಲ್ ಹಾಕಿಕೊಂಡೇ ನಿದ್ದೆ ಹೊಡೆಯುತ್ತಿದ್ದ. ಮೂವತ್ತೈದು ನಿಮಿಷ ಅಂದರೆ ದೊಡ್ಡ ಅಂತರ. ಆಮೆ ಮೊಲದ ಕಥೆ ಕಥೆಯಲ್ಲಿ ಮಾತ್ರ. ವಯಸ್ಸಿನ ಮುಂದೆ ನನ್ನ ಉಪಾಯ ನಡೆಯೋದು ಇಷ್ಟೇ.

ಸೋಮವಾರ

ಮಧ್ಯಾಹ್ನದ ರೈಲಿಗೆ ಹೊರಡೋದು ಅಂತಿದ್ದೆ. ಅಕ್ಕ ಬೆಳಿಗ್ಗೆ ಐದಕ್ಕೇ ಬಾಗಿಲು ತಟ್ಟಿದಳು. “ಧನುರ್ಮಾಸ. ಇಬ್ರೂ ಮೆಟ್ಟಿಲ ತನಕ ಹೋಗಿ ದೇವ್ರಿಗೆ ಕೈ ಮುಗೀದೆ ಬಂದಿದೀರಾ. ಎದ್ದೇಳಿ.”

ಆಯೋಜಕರು ಬಿಡಲಿಲ್ಲ ಅಂದೆ. ಅಕ್ಕ ಕೇಳಲಿಲ್ಲ.

ಅಳಿಯ ಮಂಚದಿಂದ ಏಳೋದಕ್ಕೆ ಗೋಡೆ ಹಿಡಿದ. ನನಗೂ ನೋವಿತ್ತು, ಸುಳ್ಳು ಹೇಳಲ್ಲ, ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಆದರೆ ಸಾಮಾನ್ಯ ಮನುಷ್ಯನ ಹಾಗೆ ನಡೆಯುತ್ತಿದ್ದೆ. ಭಾವ ಕಾರು ತೆಗೆದರು. ನಿನ್ನೆ ಒಂದೂವರೆ ಗಂಟೆ ಹಿಡಿದ ದಾರಿ ಇಪ್ಪತ್ತು ನಿಮಿಷಕ್ಕೆ ಮುಗಿದುಹೋಯಿತು. ಪ್ರತಿ ತಿರುವಿಗೂ ಅಳಿಯ, “ಇಲ್ಲಿ ಓಡ್ದೆ, ಇಲ್ಲೂ ಓಡ್ದೆ” ಅಂತ ಅಪ್ಪನಿಗೆ ತೋರಿಸುತ್ತಿದ್ದ. ಭಾವ ತಿರುಗಿ ನನ್ನನ್ನು ಕೇಳಿದರು, “ನೀನು?”

“ನಡೆದೆ ಭಾವ.”

“ಜಾಣ.”

ಹತ್ತೋದು ಅಷ್ಟು ಕಷ್ಟವಾಗಲಿಲ್ಲ, ಅಳಿಯನಿಗೂ. ದರ್ಶನ ಆಯಿತು, ದೊನ್ನೆ ತುಂಬ ಹುಗ್ಗಿ ಸಿಕ್ಕಿತು, ಬಂಡೆಯ ಮೇಲೆ ಕೂತು ತಿಂದೆವು. ಕೆಳಗೆ ಕೆರೆಗಳು, ತೋಟಗಳು, ದೂರದಲ್ಲಿ ಹೆದ್ದಾರಿ. ತೊಂದರೆ ಶುರುವಾದದ್ದು ಇಳಿಯುವಾಗ. ಮೊದಲ ಮೆಟ್ಟಿಲಿಗೇ ಅಳಿಯನ ಮಂಡಿ ಕೈಕೊಟ್ಟಿತು, ಅಕ್ಕನ ಭುಜ ಹಿಡಿದು ನಿಂತ. ತಿರುಗಿ ಇಳಿಯೋ ಅಂದೆ. ಹಿಮ್ಮುಖವಾಗಿ ಇಳಿದರೆ ಪಾದದ ಮುಂಭಾಗ ಮೊದಲು ಊರುತ್ತೆ, ತೊಡೆಯ ಹೊರೆಯಲ್ಲಿ ಒಂದಿಷ್ಟನ್ನು ಮೀನಖಂಡ ಹೊರುತ್ತೆ. ದೂರದ ಓಟ ಓಡಿದವರ ಮನೆಗೆ ಮರುದಿನ ಹೋದರೆ ಮೆಟ್ಟಿಲ ಮೇಲೆ ಈ ದೃಶ್ಯ ನೋಡಬಹುದು. ಅಳಿಯ ಗುಡಿಯ ಕಡೆ ಮುಖ ಮಾಡಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯತೊಡಗಿದ. ನೋವಿಗೆ ಕಣ್ಣು ಮುಚ್ಚಿಕೊಂಡಿದ್ದ, ತುಟಿ ಏನೋ ಗೊಣಗುತ್ತಿತ್ತು.

ಕೆಳಗಿನಿಂದ ಹತ್ತಿ ಬರುತ್ತಿದ್ದ ವಯಸ್ಸಾದ ದಂಪತಿ ಅವನನ್ನೇ ನೋಡುತ್ತ ನಿಂತರು. ಆ ಯಜಮಾನರು ಚಪ್ಪಲಿ ಇಲ್ಲದ ಕಾಲನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು, ಆಮೇಲೆ ಅಕ್ಕನ ಕಡೆ ತಿರುಗಿ, “ನಿಮ್ಮ ಮಗನೇನಮ್ಮ? ಈ ಕಾಲದ ಹುಡುಗರಲ್ಲಿ ದೇವರಿಗೆ ಬೆನ್ನು ತೋರಿಸದೆ ಇಳಿಯೋರನ್ನ ನಾನು ನೋಡೇ ಇಲ್ಲ” ಅಂದರು.

ಅಕ್ಕ ಸೆರಗು ಸರಿಮಾಡಿಕೊಂಡು, “ಹೂಂ ಸ್ವಾಮಿ, ಚಿಕ್ಕಂದಿನಿಂದ್ಲೂ ಹಂಗೇನೇ” ಅಂದಳು.